ಲವಂಗ ಹಾಕದ ಬೀರು

ನನ್ನದೊಂದು ಸಣ್ಣ ಚಿಂತೆಯಿದೆ. ಡೈರಿಗೆ ಬಿಟ್ಟರೆ ಯಾರಿಗೂ ಹೇಳಿದ್ದಲ್ಲ. ನನ್ನ ಮೂಗು ಅತಿ ಚುರುಕು, ನಾಲಿಗೆ ಮಾತ್ರ ಶುದ್ಧ ಹೇಡಿ. ಮಾವ ಗ್ಲಾಸು ಮುಂದಿಟ್ಟು "ಹೇಗಿದೆಯೇ?" ಎಂದರೆ ಮೂಗಿಗೆ ನೂರೆಂಟು ಹೊಳೆಯುತ್ತದೆ. ಬಾಯಿಂದ ಬರುವುದು ಒಂದೇ— "ಚೆನ್ನಾಗಿದೆ." ಕಾಫಿಯಂತೆ ಕಪ್ಪಗಿರುವ ಸ್ಟೌಟ್ ಬೀರಿಗೂ ಚೆನ್ನಾಗಿದೆ, ಕಿತ್ತಳೆ ಸಿಪ್ಪೆ ಪರಿಮಳದ ಪೇಲ್ ಏಲಿಗೂ ಚೆನ್ನಾಗಿದೆ.

ಪದವಿ ಮುಗಿಸಿ, ಬೇರೆ ಕೆಲಸ ಸಿಗುವ ತನಕ ಇರಲಿ ಅಂತ ಮಾವನ ಪುಟ್ಟ ಬ್ರೂವರಿಯಲ್ಲಿ ಬಾಟಲಿಗೆ ಚೀಟಿ ಅಂಟಿಸಲು ಸೇರಿದವಳು ನಾನು. ಮಾತಿಲ್ಲದೆ ಮಾಡಬಹುದಾದ ಕೆಲಸ ಎಂಬುದೇ ಅದರ ದೊಡ್ಡ ಗುಣ.

ಆ ಬೆಳಿಗ್ಗೆಯೂ ಹಾಗೇ ಆಯಿತು. ಹಿಂಬಾಗಿಲಿನಿಂದ ತೊಳೆಯುವ ಕೋಣೆಗೆ ಕಾಲಿಟ್ಟೊಡನೆ ಒಂದು ವಾಸನೆ. ಆಗತಾನೇ ಬೆಂದ ಬ್ರೆಡ್ಡಿನ ಕಂದು ಅಂಚಿನದು. ಇಲ್ಲಿ ಯಾರು ಬ್ರೆಡ್ಡು ಬೇಯಿಸಿದರು? ಕೇಳಬೇಕೆಂದುಕೊಂಡೆ. ಅಷ್ಟರಲ್ಲಿ ಶೀತಕೋಣೆಯಿಂದ ಮಾವನ ದನಿ ಬಂತು.

"ಜಾಡಿ ಇಲ್ಲ."

ಅತ್ತೆ ಮೇಲಿನ ಮನೆಯಿಂದ ಮೆಟ್ಟಿಲಿಳಿದು ಬಂದರು. "ಯಾವ ಜಾಡಿ?"

"ತಾಯಿ ಜಾಡಿ. ಕಳವಾಗಿದೆ."

ಬೀರಿನ ಜೀವ ಈಸ್ಟಿನಲ್ಲಿದೆ. ಮೊಸರಿಗೆ ಹೆಪ್ಪು ಹೇಗೋ ಬೀರಿಗೆ ಅದು ಹಾಗೆ. ಒಂದು ಸಲದ ಬೀರಿನ ತಳದಲ್ಲಿ ಉಳಿದ ಕೆನೆಯಂಥ ಈಸ್ಟನ್ನು ತೆಗೆದು ಜಾಡಿಯಲ್ಲಿಟ್ಟು, ಮುಂದಿನ ಸಲಕ್ಕೆ ಬಳಸುವುದು. ಮಾವನಿಗೆ ಆ ಜಾಡಿ ಕೊಟ್ಟವರು ಅವನ ಗುರು. ಅದರಿಂದ ಮಾಡಿದ ಗೋಧಿ ಬೀರಿಗೆ ಲವಂಗದ ಪರಿಮಳ. ಲವಂಗ ಹಾಕುತ್ತೀರಿ, ಸುಳ್ಳು ಹೇಳಬೇಡಿ ಎಂದು ಗಿರಾಕಿಗಳು ಮಾವನೊಡನೆ ಪಂದ್ಯ ಕಟ್ಟಿ ಸೋಲುತ್ತಿದ್ದರು.

"ಇವತ್ತೇ ಗೋಧಿ ಬೀರು ಕುದಿಸೋ ದಿನ," ಅತ್ತೆಯ ಮುಖ ಬಿಗಿಯಿತು. "ಇನ್ಯಾರು ತಗೊಂಡಿರ್ತಾರೆ? ನಿಮ್ಮ ನೊರೆನೇ."

ನೊರೆ ಎಂದರೆ ಮಾವನ ಸಹಾಯಕ. ಸೇರಿದ ಹೊಸತರಲ್ಲಿ ಗ್ಲಾಸಿನ ತುಂಬ ಬರೀ ನೊರೆಯನ್ನೇ ಸುರಿದು ಕೊಟ್ಟು ಪಡೆದ ಬಿರುದು. ಈಗ ಅವನ ಹೆಂಡತಿಯೂ ಅದೇ ಹೆಸರಿನಿಂದ ಕರೆಯುತ್ತಾಳೆ. ಅವನು ತಿಂಗಳು ಮುಗಿದ ಮೇಲೆ ಸ್ವಂತ ಬ್ರೂವರಿ ತೆರೆಯುತ್ತೇನೆಂದು ಹೇಳಿ ಎರಡು ವಾರ ಆಗಿರಲಿಲ್ಲ.

ಅವನು ಹೆಗಲಮೇಲೆ ಮಾಲ್ಟಿನ— ಬೀರಿಗೆಂದು ಮೊಳಕೆ ಬರಿಸಿ ಒಣಗಿಸಿದ ಧಾನ್ಯದ— ಚೀಲ ಹೊತ್ತು ಆಗಷ್ಟೇ ಒಳಗೆ ಬಂದ. ಮಾತು ಕಿವಿಗೆ ಬಿತ್ತು. ಚೀಲ ಇಳಿಸುವುದನ್ನೂ ಮರೆತ.

"ನಾನಾ ಅಮ್ಮ?"

"ಬೀಗ ಒಡೆದಿಲ್ಲ. ಕೀಲಿ ಇರೋದು ನಮ್ಮಿಬ್ಬರ ಹತ್ರ, ನಿನ್ನ ಹತ್ರ. ಹೊಸ ಅಂಗಡಿ ಇಡೋನು ನೀನು. ಸಂಜೆ ರುಚಿ ನೋಡೋಕೆ ಊರಿನ ಬೀರಿನವರೆಲ್ಲ ಇಲ್ಲಿಗೇ ಬರ್ತಾರಲ್ಲ, ಎಲ್ಲರ ಎದುರೇ ಹೇಳ್ತೀನಿ."

ನೊರೆ ಮಾವನತ್ತ ತಿರುಗಿದ. "ಈ ಕಸುಬಿನಲ್ಲಿರೋರು ಬೆರಳೆಣಿಕೆ ಜನ. ಈಸ್ಟ್ ಕಳ್ಳ ಅಂತ ಒಂದು ಮಾತು ಹೊರಗೆ ಬಿದ್ರೆ ನನಗೆ ಒಬ್ಬರೂ ಒಂದು ಹಿಡಿ ಹಾಪ್ಸ್ ಕೊಡಲ್ಲ. ಶುರುವಾಗೋಕೆ ಮುಂಚೆನೇ ನನ್ನ ಬಾಗಿಲು ಮುಚ್ಚಿದ ಹಾಗೆ. ಯಜಮಾನ್ರೇ, ನೀವಾದ್ರೂ ಹೇಳಿ."

ಮಾವ ಕೈ ಒರೆಸುತ್ತಿದ್ದ. ಒಣಗಿದ ಕೈಯನ್ನೇ ಒರೆಸುತ್ತಿದ್ದ.

ನಾನು ಮೂಲೆಗೆ ಸರಿದು ದೊಡ್ಡಮ್ಮನಿಗೆ ಸಂದೇಶ ಕಳಿಸಿದೆ.

*

ದೊಡ್ಡಮ್ಮ ಮಾವನ ಅಕ್ಕ. ವಿಮಾ ಕಂಪನಿಯಲ್ಲಿ ಪರಿಹಾರದ ಅರ್ಜಿಗಳ ಪರಿಶೀಲನೆ ಮಾಡಿ ನಿವೃತ್ತಳಾದವಳು. ಸುಟ್ಟ ಗೋದಾಮಿನ ಬೂದಿ ನೋಡಿ ಬೆಂಕಿ ತಾನಾಗಿ ಬಿತ್ತೋ ಯಾರಾದರೂ ಹಚ್ಚಿದರೋ ಹೇಳುತ್ತಿದ್ದಳಂತೆ. ಬೀರು ಮುಟ್ಟುವವಳಲ್ಲ. ಮಾವ ಎಷ್ಟು ಬಗೆ ಮಾಡಿದರೂ ಅವಳಿಗೆ ಬೇಕಾದದ್ದು ಒಂದು ಲೋಟ ಬಿಸಿನೀರು.

ಬಂದವಳೇ ಶೀತಕೋಣೆ ನೋಡಿದಳು. ಮಾಲ್ಟ್ ಬೀಸುವ ಯಂತ್ರದ ಬಾಯಿಯೊಳಗೆ ಬೆರಳಾಡಿಸಿ ನೋಡಿಕೊಂಡಳು— ಧೂಳಿಲ್ಲ. ಆಮೇಲೆ ಪ್ಯಾಕಿಂಗ್ ಮೇಜಿನ ಮುಂದೆ ಕುಳಿತಳು.

"ನೊರೆ, ನಿನ್ನೆ ಸಂಜೆ ಏನು ಮಾಡಿದೆ?"

"ಏನೂ ಇಲ್ಲ ಅಮ್ಮ. ಕುದಿಸೋ ದಿನದ ಹಿಂದಿನ ಸಂಜೆನೇ ಮಾಲ್ಟ್ ಬೀಸಿಡೋದು ನಮ್ಮ ಪದ್ಧತಿ. ಬೀಸೋಕೆ ಹೊರಟೆ. ಯಜಮಾನ್ರು 'ಬಿಡು, ಮನೆಗೆ ಹೋಗು' ಅಂದ್ರು. ಹೋದೆ."

"ಹೊಸ ಅಂಗಡಿಗೆ ಈಸ್ಟ್ ಎಲ್ಲಿಂದ ತರ್ತೀಯ?"

"ಕೇಳಿ ತಗೋತೀನಿ. ಯಾರೂ ಇಲ್ಲ ಅನ್ನಲ್ಲ. ಕದಿಯೋದು ಯಾಕೆ?"

"ಹೋಗೋದು ಯಾಕೆ, ಅದನ್ನಾದ್ರೂ ಹೇಳು. ಇಲ್ಲಿ ಏನು ಕಡಿಮೆಯಾಗಿತ್ತು?"

ನೊರೆ ತನ್ನ ಚಪ್ಪಲಿ ನೋಡಿದ. "ಬೇರೆ ಥರ ಬೀರು ಮಾಡಬೇಕು ಅನ್ನಿಸ್ತು. ಅಷ್ಟೇ."

"ನೋಡಿದ್ರಾ, ಮುಖ ಕೊಟ್ಟು ಮಾತಾಡಲ್ಲ," ಎಂದರು ಅತ್ತೆ.

"ಇವಳೂ ಮುಖ ಕೊಟ್ಟು ಮಾತಾಡಲ್ಲ," ದೊಡ್ಡಮ್ಮ ನನ್ನತ್ತ ಗದ್ದ ಚಾಚಿದಳು. "ಹಾಗಂತ ಇವಳನ್ನ ಕಳ್ಳಿ ಅನ್ನೋಣವಾ?" ಆಮೇಲೆ ಮಾವನ ಕಡೆ ತಿರುಗಿದಳು. "ಏನೋ ತಮ್ಮ, ಜಾಡಿ ಇಲ್ಲ ಅಂತ ಮೊದಲು ನೋಡಿದ್ದು ನೀನೇ ತಾನೇ?"

"ಹೂಂ ಅಕ್ಕ."

"ಯಾರ ಮೇಲೆ ಅನುಮಾನ?"

"ಯಾರ ಮೇಲೂ ಇಲ್ಲ. ಹೋಗಿದ್ದು ಹೋಯ್ತು. ಬಿಟ್ಟುಬಿಡೋಣ."

"ಬಿಡೋದಾ?" ಅತ್ತೆಗೆ ತಡೆಯಲಾಗಲಿಲ್ಲ. "ನನ್ನ ಮದುವೆ ಒಡವೆ ಕಳೆದಾಗ ಇವರು ಊಟ ಬಿಡ್ಲಿಲ್ಲ. ಆ ಜಾಡಿ ಒಂದು ದಿನ ಕೆಳಗೆ ಬಿದ್ದು ಅಂಚು ಸೀಳ್ತು, ಇನ್ನೇನು ಒಡೆದು ಹೋಗ್ತಿತ್ತು, ಆವತ್ತು ಮೂರು ಹೊತ್ತೂ ಉಪವಾಸ. ಈಗ ಬಿಟ್ಟುಬಿಡೋಣ ಅಂತಾರೆ."

ದೊಡ್ಡಮ್ಮ ಬಿಸಿನೀರು ಕುಡಿದು ಎದ್ದಳು. "ಈ ಜಾಡಿ ಇನ್ಯಾರಿಗೆ ಬೇಕು?"

"ಕಹಿಗೆ," ಎಂದರು ಅತ್ತೆ.

*

ಕಹಿ ಪಕ್ಕದ ಬೀದಿಯ ಬ್ರೂವರಿಯ ಒಡತಿ. ಹಾಪ್ಸ್ ಹೂ ಸುರಿದು ಸುರಿದು ಬಾಯಿ ಹಿಂಡುವಂಥ ಕಹಿ ಏಲ್ ಮಾಡುತ್ತಾಳೆ. ಅದರಿಂದ ಆ ಹೆಸರು. ಅವಳ ಜಾಗ ಹಿಂದೆ ಗ್ಯಾರೇಜ್ ಆಗಿತ್ತು. ನೆಲದ ಎಣ್ಣೆಕಲೆ ಇನ್ನೂ ಹೋಗಿಲ್ಲ. ಅದರ ಮೇಲೆ ಫಳಫಳ ಹೊಳೆಯುವ ಸ್ಟೀಲ್ ತೊಟ್ಟಿಗಳು.

"ನಿಮ್ಮ ಜಾಡಿ ಇಲ್ಲ ಅಂತ ಕೇಳಿದೆ. ಕಳ್ಳಿಯನ್ನ ಹುಡುಕೋಕೆ ಬಂದ್ರಾ?" ಎಂದು ನಕ್ಕಳು. "ಕೂತ್ಕೊಳ್ಳಿ. ನಿಮಗೆ ಬಿಸಿನೀರು, ಗೊತ್ತು. ಈ ಮೌನಗೌರಿಗೆ ಗೋಧಿ ಬೀರು."

ಗ್ಲಾಸು ಮೂಗಿನ ಹತ್ತಿರ ತಂದೆ.

ಲವಂಗ.

ಅದರ ಹಿಂದೆಯೇ ಹಣ್ಣಾದ ಬಾಳೆ. ಕೊನೆಯಲ್ಲಿ ಬೆಚ್ಚನೆಯ ಗೋಧಿ. ಮಾವನ ಬೀರು. ಅಲ್ಲ— ಹಿಂದೊಮ್ಮೆ ಇದ್ದ ಮಾವನ ಬೀರು.

"ಹೇಗಿದೆ?" ಕಹಿ ಕೇಳಿದಳು.

"ಚೆನ್ನಾಗಿದೆ," ಎಂದೆ.

ದೊಡ್ಡಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು. "ನಿಮ್ಮ ಈಸ್ಟ್ ಎಲ್ಲಿಯದು?"

"ನಿಮ್ಮ ತಮ್ಮಂದೇ. ಎರಡು ವರ್ಷದ ಹಿಂದೆ ನಂದು ಕೆಟ್ಟುಹೋದಾಗ ಒಂದು ಕಪ್ ಕೊಟ್ರು. ಹೆಪ್ಪು ಕೇಳಿದವರಿಗೆ ಇಲ್ಲ ಅನ್ನಬಾರದು, ಅದು ನಮ್ಮವರ ರೂಢಿ. ಅದನ್ನೇ ಸಾಕ್ಕೊಂಡು ಬಂದಿದೀನಿ."

"ಹಾಗಾದ್ರೆ ನೀವು ಕದಿಯೋ ಅಗತ್ಯವೇ ಇಲ್ಲ."

"ಇದ್ದಿದ್ರೂ ಈಗಿನದನ್ನ ಕದೀತಿರ್ಲಿಲ್ಲ."

"ಅಂದರೆ?"

ಕಹಿ ಮೇಜು ಒರೆಸಲು ಶುರುಮಾಡಿದಳು. "ಒಬ್ಬರ ಬೀರಿನ ಬಗ್ಗೆ ಅವರ ಬೆನ್ನ ಹಿಂದೆ ಮಾತಾಡೋಳಲ್ಲ ನಾನು."

ಬೀದಿಗೆ ಬಂದೆವು. ದೊಡ್ಡಮ್ಮ ನಡೆಯುತ್ತಲೇ ಕೇಳಿದಳು, "ನಿನ್ನ ಮೂಗು ಏನೋ ಹೇಳ್ತಿದೆ. ಏನದು?"

ಗಂಟಲಲ್ಲಿ ಎರಡು ಮಾತಿದ್ದವು. ಸುಲಭದ್ದನ್ನು ಹೊರಗೆ ಬಿಟ್ಟೆ. "ಬೆಳಿಗ್ಗೆ ತೊಳೆಯೋ ಕೋಣೇಲಿ ಬ್ರೆಡ್ ಬೇಯಿಸಿದ ವಾಸನೆ ಇತ್ತು."

ದೊಡ್ಡಮ್ಮ ನಿಂತುಬಿಟ್ಟಳು. "ಅಲ್ಲಿ ಒಲೆ ಇದೆಯಾ?"

"ಇಲ್ಲ. ಬಿಸಿನೀರಿನ ನಲ್ಲಿ ಇದೆ. ಹಬೆ ಬರೋವಷ್ಟು ಬಿಸಿ."

"ಬೇರೇನಾದರೂ?"

"ಅಷ್ಟೇ."

ಅವಳು ತಿರುಗಿ ಕಹಿಯ ಬಾಗಿಲಿಗೆ ಹೋದಳು. ಒಳಗೆ ಏನೋ ಕೇಳಿದಳು. ಕಹಿ ತಲೆಯಾಡಿಸಿದ್ದು ಕಾಣಿಸಿತು. ಆಮೇಲೆ ಇಬ್ಬರೂ ಮತ್ತೇನೋ ಮಾತಾಡಿದರು, ಈ ಸಲ ಸ್ವಲ್ಪ ಹೊತ್ತು.

*

ಸಂಜೆಗೆ ಮುಂಚೆ ದೊಡ್ಡಮ್ಮ ಎಲ್ಲರನ್ನೂ ತೊಳೆಯುವ ಕೋಣೆಗೇ ಕರೆದಳು. ಗೋಡೆಗೆ ಗಾಜಿನ ಜಾಡಿಗಳನ್ನು ಬೋರಲು ಹಾಕಿ ಒಣಗಿಸುವ ಕಪಾಟು. ಕೆಳಗೆ ಮೋರಿಯ ಜಾಲರಿ. ಅತ್ತೆ ಕೈಕಟ್ಟಿ ನಿಂತರು. ನೊರೆ ಬಾಗಿಲಿನ ಹತ್ತಿರ. ಮಾವ ಒಂದು ಖಾಲಿ ಪೀಪಾಯಿಯ ಮೇಲೆ ಕುಳಿತ.

"ಇಲ್ಲಿ ಕಳವೇ ಆಗಿಲ್ಲ," ಎಂದಳು ದೊಡ್ಡಮ್ಮ.

"ಮತ್ತೆ ಜಾಡಿ?" ಎಂದರು ಅತ್ತೆ.

ಅವಳು ಕಪಾಟಿನ ತುದಿಯಿಂದ ಒಂದು ಜಾಡಿ ಎತ್ತಿದಳು. ಚೀಟಿ ಕಿತ್ತಿದ್ದರೂ ಅಂಟಿನ ಗುರುತು ಚೌಕಾಕಾರವಾಗಿ ಉಳಿದಿತ್ತು. ಬಾಯಂಚಿನಲ್ಲಿ ಹಳೆಯ ಸೀಳು.

"ನಾದಿನಿ, ಅವತ್ತು ಒಡೆದು ಹೋಗ್ತಿದ್ದದ್ದು ಇದೇ ಅಲ್ವಾ?"

ಅತ್ತೆ ಸೀಳಿನ ಮೇಲೆ ಬೆರಳಾಡಿಸಿ ಹೌದೆಂದು ತಲೆಯಾಡಿಸಿದರು.

"ಕದ್ದವನು ಜಾಡಿ ತೊಳೆದು ಒಣಗಿಸಿಟ್ಟು ಹೋಗ್ತಾನಾ? ಒಳಗಿದ್ದದ್ದು ಹೋಗಿದ್ದು ಈ ಮೋರಿಗೆ. ಅದೂ ಹಸಿಯಾಗಿ ಅಲ್ಲ. ಇವಳಿಗೆ ಬೆಳಿಗ್ಗೆ ಬ್ರೆಡ್ಡಿನ ವಾಸನೆ ಬಂತು. ಅದೇನು ಅಂತ ಕಹಿನ ಕೇಳಿದೆ. ಜೀವ ಇರೋ ಈಸ್ಟನ್ನ ಹಾಗೇ ಸುರಿದರೆ ಮೋರಿಯೊಳಗೆಲ್ಲ ನೊರೆ ಉಕ್ಕುತ್ತೆ. ಅದಕ್ಕೆ ಕುದಿನೀರು ಹಾಕಿ ಸಾಯಿಸಿಯೇ ಸುರೀತಾರಂತೆ. ಬೆಂದ ಈಸ್ಟಿನ ವಾಸನೆ ಥೇಟ್ ಬ್ರೆಡ್ಡಿನದು. ಕದಿಯೋನಿಗೆ ಅದು ಬದುಕಿರಬೇಕು. ಹೊಟ್ಟೆಕಿಚ್ಚಿನವನು ಮೋರಿಯ ಗತಿ ಯೋಚಿಸಲ್ಲ. ಇದು ಬೀರು ಮಾಡೋ ಕೈ. ಆ ಕೈಗೆ ಜಾಡಿ ತೊಳೆಯದೆ ಇರೋಕೂ ಬರಲ್ಲ, ಬಿಸಾಡೋಕೂ ಬರಲ್ಲ."

"ಅಂದ್ರೆ ನೊರೆನೇ," ಅತ್ತೆಯ ದನಿ ಮೊದಲಿನಷ್ಟು ಗಟ್ಟಿಯಿರಲಿಲ್ಲ.

"ನೊರೆ ನಿನ್ನೆ ಸಂಜೆ ಮಾಲ್ಟ್ ಬೀಸೋಕೆ ಹೊರಟಿದ್ದ. ಇವತ್ತು ಬೀರು ಕುದಿಯುತ್ತೆ ಅಂತ ನಂಬಿದ್ದ. ಇವತ್ತು ಬೆಳಿಗ್ಗೆಯೂ ಚೀಲ ಹೊತ್ತೇ ಬಂದ. ಬೇಡ ಅಂದವನು ಯಾರು? ಜಾಡಿ ಇಲ್ಲ ಅಂತ ಗೊತ್ತಾಗಿದ್ದು ಇವತ್ತು ಬೆಳಿಗ್ಗೆ. ಬೀರು ಕುದಿಯಲ್ಲ ಅಂತ ನಿನ್ನೆ ಸಂಜೆಯೇ ಗೊತ್ತಿದ್ದದ್ದು ಒಬ್ಬನಿಗೆ."

ನಲ್ಲಿಯಿಂದ ಒಂದು ಹನಿ ಬಿತ್ತು.

"ನಾನೇ ಅಕ್ಕ," ಎಂದ ಮಾವ.

ವಿಚಿತ್ರವೆಂದರೆ, ಆ ಎರಡು ಪದಗಳ ನಂತರ ಮಾವನ ಭುಜ ಇಳಿಯಿತು, ತುಂಬಿದ ಪೀಪಾಯಿ ಹೊತ್ತು ತಂದು ಇಳಿಸಿದವನ ಹಾಗೆ.

"ಅದು ಕೆಟ್ಟಿದೆ ಅನ್ನಿಸ್ತಿತ್ತು. ಲವಂಗ ಹೋಗಿತ್ತು. ಏನೋ ಹುಳಿ. ಇಷ್ಟು ಸಲ ಬಳಸಿದ ಮೇಲೆ ಬೇರೆಯವರು ಹೊಸದು ತರ್ತಾರೆ. ನನಗೆ ಮನಸ್ಸು ಬರ್ಲಿಲ್ಲ, ಗುರುಗಳು ಕೊಟ್ಟದ್ದು. ತೊಟ್ಟಿ, ಜಾಡಿ ಉಜ್ಜಿ ತೊಳೆದು ಅದನ್ನೇ ಹಾಕಿದೆ, ಮತ್ತೆ ಮತ್ತೆ. ಕೊನೆಗೆ ಇವತ್ತು ನಸುಕಿನಲ್ಲಿ ಸಾಯಿಸಿದೆ. ನಾನೇ ಕೆಡಿಸಿದೆ ಅಂತ ಗುರುಗಳ ಹೆಸರಿರೋ ಕಸುಬಿನಲ್ಲಿ ಹೇಗೆ ಹೇಳಲಿ? ಕಳವಾಯ್ತು ಅಂದೆ. ಇವಳು ನೊರೆ ಹೆಸರು ಎತ್ತುತ್ತಾಳೆ ಅಂತ ಗೊತ್ತಿರ್ಲಿಲ್ಲ."

"ಎತ್ತಿದ ಮೇಲೂ ಸುಮ್ಮನಿದ್ದೆಯಲ್ಲ," ಎಂದಳು ದೊಡ್ಡಮ್ಮ.

"ಹೂಂ. ಅದು ಜಾಡಿಗಿಂತ ದೊಡ್ಡ ತಪ್ಪು." ಮಾವ ಎದ್ದು ನೊರೆಯ ಮುಂದೆ ನಿಂತ. "ಸಂಜೆ ಎಲ್ಲರ ಎದುರು ನಾನೇ ಹೇಳ್ತೀನಿ ಕಣೋ."

ನೊರೆ ಗೋಡೆಗೆ ಒರಗಿ ಉದ್ದಕ್ಕೆ ಉಸಿರು ಬಿಟ್ಟ. "ಹೇಳಿ ಯಜಮಾನ್ರೇ. ನನ್ನ ಬಿರುದು ಬದಲಾಗಿ ಕಳ್ಳ ಅಂತ ಆಗಿಬಿಡುತ್ತೆ ಅಂತ ನಡುಗಿಹೋಗಿದ್ದೆ. ನೊರೆನೇ ವಾಸಿ."

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಊಟ ಮಾಡಿದ್ಯೇನೋ?" ಎಂದು ಅವನನ್ನು ಕೇಳಿದರು. ಅತ್ತೆಯ ಭಾಷೆಯಲ್ಲಿ ಅದು ಕ್ಷಮಾಪಣೆ.

ಅಷ್ಟರಲ್ಲಿ ಹಿಂಬಾಗಿಲು ತೆರೆಯಿತು. ಕಹಿ. ಎರಡೂ ಕೈಯಲ್ಲಿ ಒಂದು ಜಾಡಿ, ಒಳಗಿನ ಈಸ್ಟ್ ಉಸಿರಾಡಲೆಂದು ಮುಚ್ಚಳ ಅರ್ಧ ಸುತ್ತು ಸಡಿಲ.

"ಕಪ್ಪಿನಲ್ಲಿ ಕೊಟ್ಟಿದ್ರಿ, ಜಾಡಿಯಲ್ಲಿ ತಂದಿದೀನಿ. ಹಳೇದೇ, ಆರೋಗ್ಯವಾಗಿದೆ. ನಾಳೆ ಕುದಿಸಿ."

ಮಾವ ಜಾಡಿ ತೆಗೆದುಕೊಂಡ. ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚಿದ. ತೆರೆದಾಗ ಅವನ ಮುಖದಲ್ಲಿ ಸಂತೋಷದ ಜೊತೆ ಇನ್ನೇನೋ ಇತ್ತು.

"ಆದ್ರೂ ಒಂದು ಕೊರೆತ," ಎಂದ ಮೆಲ್ಲಗೆ. "ನಿಜವಾಗಿ ಕೆಟ್ಟಿತ್ತಾ? ಇಷ್ಟು ತಿಂಗಳು ಒಬ್ಬರೂ ಏನೂ ಹೇಳ್ಲಿಲ್ಲ. ನನ್ನ ನಾಲಿಗೆಗೇ ವಯಸ್ಸಾಗಿ, ಚೆನ್ನಾಗಿದ್ದದ್ದನ್ನೇ ಕೊಂದುಬಿಟ್ಟೆನೇನೋ."

"ನನಗಂತೂ ಎಲ್ಲಾ ಒಂದೇ ರುಚಿ," ಎಂದರು ಅತ್ತೆ.

ನೊರೆ ಮತ್ತೆ ಚಪ್ಪಲಿ ನೋಡಿದ. ಕಹಿ ಕಿಟಕಿಯತ್ತ ತಿರುಗಿದಳು. ಎಲ್ಲರೂ ಒಳ್ಳೆಯವರು. ಒಬ್ಬರೂ ಬಾಯಿ ಬಿಡುವವರಲ್ಲ.

ಮಾವ ಒಂದು ಗ್ಲಾಸು ತೆಗೆದ. ಹಳೆಯ ಪೀಪಾಯಿಯಲ್ಲಿ ಉಳಿದಿದ್ದ ಗೋಧಿ ಬೀರನ್ನು ತುಂಬಿಸಿ, ಯಾರಿಗೆ ಕೊಡುವುದೆಂದು ಸುತ್ತ ನೋಡಿದ. ಅಭ್ಯಾಸಬಲದಿಂದ ಕೈ ನನ್ನ ಕಡೆಗೇ ಬಂತು.

"ಹೇಗಿದೆಯೇ?"

ಮೂಸಿದೆ. ಒಂದು ಗುಟುಕು ಕುಡಿದೆ. ಕಿವಿಯ ತನಕ ಬಿಸಿಯಾಯಿತು. ದೊಡ್ಡಮ್ಮ ಬಿಸಿನೀರಿನ ಲೋಟ ಹಿಡಿದು ನನ್ನನ್ನು ನೋಡದ ಹಾಗೆ ನೋಡುತ್ತಿದ್ದಳು.

"ಕೆಟ್ಟಿತ್ತು ಮಾವ," ಎಂದೆ. "ಬೇಸಿಗೆಯಿಂದಲೇ ಕೆಟ್ಟಿತ್ತು. ನಿನ್ನ ನಾಲಿಗೆ ಸರಿಯಾಗೇ ಇದೆ."