ನೆಲಮಾಳಿಗೆಯ ಟೆಂಟಿನಲ್ಲಿ ಸತ್ತ ಮೊಗ್ಗುಗಳು

"ಅಯ್ಯೋ ದೇವರೇ, ಸ್ತೆಫಾನನ ಗಿಡ!"

ಕೆನಡಾದ ವಿನಿಪೆಗ್‌ನಲ್ಲಿ ಜನವರಿ. ಅಕ್ಕನ ಮನೆಯಿಂದ ನಾಲ್ಕು ದಿನದ ಮೇಲೆ ಬಂದ ಒಕ್ಸಾನಾ ಕೋಟನ್ನೂ ಕಳಚದೆ ನೆಲಮಾಳಿಗೆಗೆ ಇಳಿದು, ಗಿಡ ಬೆಳೆಸುವ, ಬೀರುವಿನಷ್ಟಿದ್ದ ಕಪ್ಪು ಟೆಂಟಿನ ಜಿಪ್ ಎಳೆದಿದ್ದಳು. ಯಂತ್ರ ಊದಿದ ಮಂಜು ತುಂಬಿರಬೇಕಿದ್ದ ಕಡೆ ಒಣ ಗಾಳಿ. ಆರ್ಕಿಡ್‌ನ ಐದು ಮೊಗ್ಗುಗಳಲ್ಲಿ ನಾಲ್ಕು ಹಳದಿಯಾಗಿ ಜೋತುಬಿದ್ದಿದ್ದವು.

ತೀರಿಹೋದ ಗಂಡ ಸ್ತೆಫಾನ್ ಎರಡು ಜಾತಿ ಬೆರೆಸಿ ಹುಟ್ಟಿಸಿದ ಗಿಡ ಅದು. ಮೊಗ್ಗು ಬಿಟ್ಟಿದ್ದು ಇದೇ ಮೊದಲು. ಮುಂದಿನ ವಾರದ ಪ್ರದರ್ಶನದಲ್ಲಿ ಹೂವು ತೋರಿಸಿ ಗಿಡಕ್ಕೆ ಅವನ ಹೆಸರಿಡಿಸಬೇಕೆಂದು ಅವಳು ಜೀವ ಹಿಡಿದು ಕಾದಿದ್ದಳು.

ಫೋನ್ ಹೋದದ್ದು ಮಾರ್ತಾಗೆ. ಪೊಲೀಸ್ ಪತ್ತೇದಾರಿಣಿಯಾಗಿದ್ದು ನಿವೃತ್ತಳಾದ ಗೆಳತಿ. ಬಾಗಿಲಲ್ಲಿ ಬೂಟು ಬಿಟ್ಟು ಕಾಲುಚೀಲದಲ್ಲೇ ಇಳಿದು ಬಂದಳು.

"ಮಂಜು ಊದೋ ಯಂತ್ರ ಕೆಟ್ಟಿದೆಯೇನೇ?"

"ಇಲ್ವೇ! ನೀರಿದೆ, ಕರೆಂಟಿದೆ, ಊದ್ತಿಲ್ಲ. ಮೀಟರ್ ನೋಡಿದ್ರೆ ತೇವಾಂಶ ತೊಂಬತ್ತೊಂಬತ್ತು ಅಂತಿದೆ!"

ಮಾರ್ತಾ ಮೀಟರಿನ ತಂತಿ ಹಿಡಿದು ಹೋದಳು. ಗಾಳಿಯಲ್ಲಿ ತೂಗಬೇಕಿದ್ದ ಸೆನ್ಸರ್ ಕುಂಡದ ಒದ್ದೆ ಪಾಚಿಯೊಳಗೆ ಹುದುಗಿತ್ತು.

"ತೇವ ಜಾಸ್ತಿಯಾಯ್ತು ಅಂತ ಯಂತ್ರ ಮಂಜು ನಿಲ್ಲಿಸಿದೆ, ಫ್ಯಾನು ಇದ್ದಬದ್ದ ತೇವಾನೂ ಹೀರಿಬಿಟ್ಟಿದೆ. ಇದು ಬೇಕಂತ್ಲೇ ಮಾಡಿದ್ದು. ಮನೆ ಕೀಲಿ ಯಾರ ಹತ್ರ ಇತ್ತು?"

ಇಬ್ಬರ ಹತ್ತಿರ. ಮಹಡಿಯ ಬಾಡಿಗೆಯ ಹುಡುಗಿ ಜೊಆನ್, ಮತ್ತು ಪಕ್ಕದ ಮನೆಯ ಗಾರ್ಡನ್ ಫ್ರೀಸನ್. ಅವನು ಆರ್ಕಿಡ್ ಸಂಘದ ಕಾರ್ಯದರ್ಶಿ, ತನ್ನ ಮನೆಯಲ್ಲೂ ಇಂಥದೇ ಟೆಂಟ್ ಇಟ್ಟವನು.

ಮಾರ್ತಾ ಇಬ್ಬರನ್ನೂ ಕರೆಸಿದಳು. ಜೊಆನ್ ಮುಖ ಗಂಟಿಕ್ಕಿಕೊಂಡೇ ಇಳಿದಳು. "ಈ ಟೆಂಟಿನ ದೆಸೆಯಿಂದ ನನ್ನ ಕಿಟಕಿಗೆಲ್ಲ ಬೂಷ್ಟು. ದ್ವೇಷ ಇದೆ, ಸುಳ್ಳು ಯಾಕೆ ಹೇಳ್ಲಿ? ಆದ್ರೆ ನಾನು ಮುಟ್ಟಿಲ್ಲ."

ಆಮೇಲೆ ಗಾರ್ಡನ್ ಬಂದ. ಹೊರಗೆ ಮೈನಸ್ ಮೂವತ್ತು ಡಿಗ್ರಿ. ಒಳಗೆ ಕಾಲಿಟ್ಟದ್ದೇ ಕನ್ನಡಕ ಬೆಳ್ಳಗೆ ಮುಸುಕಿತು. ಮೆಟ್ಟಿಲ ಕಟಕಟೆ ತಡವುತ್ತ ಇಳಿದು, ಮಫ್ಲರಿನಿಂದ ಒರೆಸಿದ. ಮತ್ತೆ ಮುಸುಕಿತು, ಮತ್ತೆ ಒರೆಸಿದ.

"ಛೆ, ಛೆ, ಎಂಥ ಅನ್ಯಾಯ! ಮಂಗಳವಾರ ನಾನೇ ಬಂದು ನೋಡಿದ್ದೆ ಕಣೇ, ಎಲ್ಲ ಸರಿಯಾಗಿತ್ತು."

"ಎಷ್ಟು ಹೊತ್ತು ಇದ್ದೆ?" ಮಾರ್ತಾ ಕೇಳಿದಳು.

"ಅರ್ಧ ನಿಮಿಷ. ಹಿಮ ಬಾಚ್ತಾ ಇದ್ದೋನು ಸೀದಾ ಬಂದೆ, ಜಿಪ್ ತೆಗೆದೆ, ಮೀಟರ್ ನೋಡಿದೆ – ಅರವತ್ತೆಂಟು. ಹೊರಟೆ."

"ಕನ್ನಡಕ ಹಾಕ್ಕೊಂಡಿದ್ಯಾ?"

"ಹಾಕ್ದೆ ಇದ್ರೆ ನನಗೆ ಏನು ಕಾಣುತ್ತೆ?"

ಮಾರ್ತಾ ನಕ್ಕಳು.

"ಬೆಚ್ಚಗಿನ ಮನೆಯೊಳಗೇ ನಿನ್ನ ಕನ್ನಡಕ ಈಗ ಎರಡು ಸಲ ಮುಸುಕಿತು, ಗಾರ್ಡನ್. ಅದೇ ಚಳಿಯಿಂದ ಬಂದು ಮಂಜು ತುಂಬಿದ ಟೆಂಟಿಗೆ ಮುಖ ಹಾಕಿ ಅರ್ಧ ನಿಮಿಷದಲ್ಲಿ ಅಂಕಿ ಓದಿದ್ಯಾ? ಕಾಣಬೇಕಾದ್ರೆ ಗಾಜು ಬೆಚ್ಚಗಾಗೋವರೆಗೂ ಇಲ್ಲೇ ಇದ್ದಿರಬೇಕು. ಅಷ್ಟು ಹೊತ್ತು ಏನು ಮಾಡ್ತಿದ್ದೆ? ಯಾಕೆ ಮುಚ್ಚಿಟ್ಟೆ?"

"ನಾನೇ ಯಾಕೆ? ತೇವ ಕಂಡ್ರೆ ಆಗದವಳು ಈ ಜೊಆನ್!"

"ಇವಳಾಗಿದ್ರೆ ಪ್ಲಗ್ ಕಿತ್ತು ಎಸೀತಿದ್ಲು. ಯಂತ್ರ ನಂಬೋದು ಸೆನ್ಸರನ್ನ ಮಾತ್ರ ಅಂತ ಗೊತ್ತಿರೋದು ಟೆಂಟಲ್ಲಿ ಗಿಡ ಸಾಕೋರಿಗೆ. ಈ ಮನೆಗೆ ಬರೋರಲ್ಲಿ ಅಂಥೋರು ಒಕ್ಸಾನಾ ಬಿಟ್ರೆ ನೀನೊಬ್ಬನೇ."

ಗಾರ್ಡನ್ ಮೆಟ್ಟಿಲ ಮೇಲೆ ಕುಸಿದ. "ಪರಾಗ ನನ್ನ ಗಿಡದ್ದು! ಇಬ್ಬರ ಹೆಸರೂ ಇರ್ಲಿ ಅಂದ್ರೆ ಸ್ತೆಫಾನ್ ನಕ್ಕುಬಿಟ್ಟ. ಸತ್ತಮೇಲೂ ಅವನದೇ ಹೆಸರು ಅಂದ್ರೆ..."

"ನನ್ನನ್ನ ಕೇಳಿದ್ರೆ ನಿನ್ನ ಹೆಸರೂ ಸೇರಿಸ್ತಿದ್ದೆನಲ್ಲೋ ಪಾಪಿ!" ಒಕ್ಸಾನಾ ಚೀರಿದಳು. ಸೆನ್ಸರನ್ನು ಪಾಚಿಯಿಂದ ಕಿತ್ತು, ಒರೆಸಿ, ಗಾಳಿಯಲ್ಲಿ ತೂಗುಹಾಕಿದಳು. ಸ್ವಲ್ಪ ಹೊತ್ತಿಗೆ ಯಂತ್ರ ಗೊರಗುಟ್ಟಿ ಮಂಜು ಊದತೊಡಗಿತು. ಉಳಿದಿದ್ದ ಬುಡದ ಮೊಗ್ಗನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿದಳು. ಗಟ್ಟಿಯಾಗಿತ್ತು. ಇದೊಂದು ಅರಳಿಯೇ ಅರಳುತ್ತದೆ.

"ಕೀಲಿ ಇಡು," ಅವಳು ಗಾರ್ಡನ್ ಕಡೆ ತಿರುಗಿದಳು. "ಪ್ರದರ್ಶನದಲ್ಲಿ ಹೊಸ ಗಿಡಗಳ ಹೆಸರು ಕೂಗೋನು ನೀನೇ ತಾನೆ?"

ಅವನು ಹೌದೆಂದು ತಲೆಯಾಡಿಸಿದ.

"ಸ್ತೆಫಾನ್ ಹ್ರಿನ್ಚುಕ್. ಮನೇಲಿ ಕೂತು ಅಭ್ಯಾಸ ಮಾಡು. ಹಿಂದಿನ ಸಾಲಿನೋರಿಗೂ ಕೇಳಿಸ್ಬೇಕು."