ಗುರುತು ಹಾಕದ ಪ್ಲೇಟು

ಮೂರನೆಯ ಗಾಜಿನ ಪ್ಲೇಟನ್ನು ಫೋಟೊ ಮೂಡಿಸುವ ಮದ್ದಿನ ತಟ್ಟೆಯಲ್ಲಿ ಮುಳುಗಿಸಿ, ವನಮಾಲಾ ತಟ್ಟೆಯನ್ನು ಮೆಲ್ಲಗೆ ಆಚೆ ಈಚೆ ತೂಗುತ್ತಿದ್ದಳು. ಬಾಯಲ್ಲಿ ಎಣಿಕೆ ನಡೆದಿತ್ತು. ನಲವತ್ತೊಂದು... ನಲವತ್ತೆರಡು...

ಹೊರಗೆ ಕುಮಟೆಯ ಪೇಟೆಬೀದಿಗೆ ಬಿಸಿಲೇರಿತ್ತು. ಒಳಗೆ, ಕತ್ತಲೆ ಕೋಣೆಯಲ್ಲಿ, ಕೆಂಪು ಗಾಜಿನ ದೀಪವೊಂದೇ.

ಈ ಪ್ಲೇಟಿನ ಜೊತೆಗಿದ್ದ ಚೀಟಿಯಲ್ಲಿ, ಅಪ್ಪನ ಸ್ಟುಡಿಯೋಕ್ಕೆ ಫೋಟೊ ತೆಗೆಯುವ ಕೃಷ್ಣಾನಂದನ ಅಕ್ಷರ: 'ಹೊನ್ನಾವರ. ನನ್ನದೇ ಫೋಟೊ. ಆಯಿಗೆ.'

ಅವನ ತಾಯಿಗೆ ಫೋಟೊ ಯಾಕೆಂದು ವನಮಾಲೆಗೆ ಗೊತ್ತಿತ್ತು. ಹೆಬಳೆಯ ಹುಡುಗಿಯೊಬ್ಬಳ ಮನೆಯವರು ಗಂಡಿನ ಫೋಟೊ ಕೇಳಿದ್ದರಂತೆ. ನಿನ್ನೆ ಅಪ್ಪನೇ ನಗುತ್ತ ಹೇಳಿದ್ದ. ಆಗ ಅವಳೂ ನಕ್ಕಿದ್ದಳು. ಆ ನಗುವಿಗೆ ಎಷ್ಟು ಕಷ್ಟಪಟ್ಟಳೋ, ಅವಳಿಗೇ ಗೊತ್ತು!

ಪ್ಲೇಟಿನಲ್ಲಿ ಎಲ್ಲವೂ ತಿರುಗಾಮುರುಗಾ. ಮುಖ ಕಪ್ಪಾಗಿ, ಕೂದಲು ಬೆಳ್ಳಗಾಗಿ ಮೂಡುತ್ತದೆ. ಹತ್ತು ವರ್ಷದ ಕೆಲಸದಲ್ಲಿ ಅದನ್ನು ಅಕ್ಷರದ ಹಾಗೆ ಓದಲು ಕಲಿತವಳು ಅವಳು. ಬಲಗಡೆ ಕೃಷ್ಣಾನಂದನ ಅಗಲ ಹಣೆ ಮೂಡಿತು. ಕೋಟು ಮೂಡಿತು.

ಆಮೇಲೆ... ಎಡಗಡೆ ಇನ್ನೊಂದು ಮುಖ!

ಎಣಿಕೆ ನಿಂತೇಹೋಯಿತು.

ಹೆಂಗಸಿನ ಮುಖ. ಅವನ ಭುಜಕ್ಕೆ ಭುಜ ತಾಗಿಸಿ ಕೂತ ಹಾಗೆ. ಯಾರಿವಳು? ಆಗಲೇ ಹುಡುಗಿಯ ಜೊತೆ ಕೂತು ತೆಗೆಸಿಕೊಂಡನೇ?

ಅವಳು ತಟ್ಟೆಯ ಮೇಲೆ ಬಗ್ಗಿದಳು. ಹೆಂಗಸರ ಪ್ಲೇಟಿನಲ್ಲಿ ಹಣೆಯ ನಡುವೆ ಒಂದು ಬಿಳಿ ಚುಕ್ಕೆ ಇರುತ್ತದೆ. ಕುಂಕುಮ ಅಲ್ಲಿ ಹಾಗೆಯೇ ಕಾಣುವುದು. ಈ ಹಣೆಯಲ್ಲಿ ಚುಕ್ಕೆಯಿಲ್ಲ. ಒಂದೇ ಸಮ ಕಪ್ಪು.

ಕುಂಕುಮವಿಲ್ಲದ ಹಣೆ ಈ ಸ್ಟುಡಿಯೋದಲ್ಲಿ ಯಾರದ್ದು?

ವನಮಾಲಾ ಮತ್ತೊಮ್ಮೆ ನೋಡಿದಳು. ಅದು ಅವಳದೇ ಮುಖ!

ಹನ್ನೆರಡಕ್ಕೆ ಮದುವೆ, ಹದಿನಾಲ್ಕಕ್ಕೆ ಗಂಡನ ಸಾವು. ಅಂದಿನಿಂದ ಇಂದಿನವರೆಗೆ ಅವಳ ಒಂದು ಫೋಟೊವನ್ನೂ ಯಾರೂ ತೆಗೆದಿಲ್ಲ. ಮದುಮಕ್ಕಳು ಬಂದರೆ ಅವಳು ಈ ಕೋಣೆ ಬಿಟ್ಟು ಹೊರಬರುವ ಹಾಗಿರಲಿಲ್ಲ. ಹೋದ ತಿಂಗಳು ಫೋಟೊಕ್ಕೆ ಬಂದಿದ್ದ ವರನೊಬ್ಬನ ಅಜ್ಜಿ ಈರಮ್ಮ ಅವಳಿಗೆ ಕೇಳುವ ಹಾಗೇ ಹೇಳಿದ್ದಳು: "ಆ ಹೆಂಗ್ಸಿನ ನೆರಳು ಬೀಳದ ಹಂಗೆ ತೆಗೀರಿ ಮಾರಾಯ್ರೆ."

ಈಗ ನೋಡಿದರೆ ಇನ್ನೊಬ್ಬ ವರನ ಫೋಟೊದಲ್ಲಿ, ಅವನ ಪಕ್ಕದಲ್ಲೇ ಅವಳು...

"ವನೂ, ಪ್ಲೇಟು ಆತೇನೇ?" ಹೊರಗಿನಿಂದ ಅಪ್ಪ ತ್ರ್ಯಂಬಕನ ಕೂಗು. "ಕೃಷ್ಣಾನಂದ ಬಂದ. ನಾಲ್ಕು ಗಂಟೆ ಬಸ್ಸಿಗೆ ಫೋಟೊ ಹಿಡ್ಕೊಂಡು ಹೋಗ್ಬೇಕಂತೆ."

"ಆತು... ಬಂದೆ ಅಪ್ಪ." ಮೂಡಿದ ಚಿತ್ರ ಅಳಿಯದ ಹಾಗೆ ಪ್ಲೇಟನ್ನು ಹೈಪೋ ನೀರಿಗೆ ಹಾಕಿದಳು.

ತಮಾಷೆ ಮಾಡಿದನೇ? ಸತ್ತ ಗಂಡನ ಹಳೆಯ ಫೋಟೊವನ್ನು ಹೆಂಡತಿಯ ಪಕ್ಕಕ್ಕೆ ಜೋಡಿಸಿಕೊಡುವುದು ಸ್ಟುಡಿಯೋದ ಕೆಲಸಗಳಲ್ಲೊಂದು. ಅಂಥ ಎಷ್ಟೋ ಜೋಡಿಗಳನ್ನು ಅವಳೇ ಕೈಯಾರೆ ಕೂಡಿಸಿದ್ದಳು. ಅದನ್ನೇ ನೋಡಿ ಕಲಿತು ಇವನು ನನ್ನ ಮೇಲೆ ಆಟ ಹೂಡಿದನೇ? ಇವನೂ ಹೀಗೆಯೇ?

ಅಪ್ಪ ಗಿರಾಕಿಯೊಬ್ಬರನ್ನು ಮಾತಾಡಿಸುತ್ತಿದ್ದ. ಆ ಹೊತ್ತಿಗೆ ಅವಳು ಒದ್ದೆ ಪ್ಲೇಟನ್ನು ಹಿಡಿದು ಒಳಗಿನ ಬೆಳಕಿನ ಕೋಣೆಗೆ ಬಂದಳು. ಮಾಡಿನ ಗಾಜಿನ ಹೆಂಚುಗಳ ಕೆಳಗೆ ನಿಂತು ಕೃಷ್ಣಾನಂದ ಬಿಳಿ ಪರದೆಯ ದಾರ ಎಳೆಯುತ್ತಿದ್ದ. ಹಿನ್ನೆಲೆಯ ಕಪ್ಪು ಬಟ್ಟೆ ಗೋಡೆಗೆ ಏರಿಯಾಗಿತ್ತು.

"ಇದೆಂತ?"

ಅವನು ತಿರುಗಿದ. ಅವಳು ಪ್ಲೇಟನ್ನು ಬೆಳಕಿಗೆ ಎತ್ತಿ ಹಿಡಿದಳು.

"ನಿಮ್ಮ ಮದ್ವೆ ಫೋಟೊಕ್ಕೆ ಆಟ ಆಡೂಕೆ ನಾನೇ ಸಿಕ್ಕಿದ್ನಾ? ನನ್ನ ಮುಖ ಕದ್ದು ಅಂಟಿಸಿದ್ದು ಯಾಕೆ?"

ಕೃಷ್ಣಾನಂದ ನೋಡಿದ. ಹತ್ತಿರ ಬಂದು ಮತ್ತೆ ನೋಡಿದ. ದಾರ ಕೈಜಾರಿ ಪರದೆ ಸರ್ರನೆ ಇಳಿದು, ಕೋಣೆ ಮಬ್ಬಾಯಿತು.

"ಅಯ್ಯೋ ದೇವರೇ... ಇದರಲ್ಲೇ ಇತ್ತಾ!"

"ಎಂತ ಇದರಲ್ಲೇ ಇತ್ತು?"

ಅವನು ಕಪ್ಪು ಬಟ್ಟೆಯ ಮುಂದಿನ ಕುರ್ಚಿಯತ್ತ ಕೈ ತೋರಿಸಿದ.

"ಗಿರಾಕಿ ಬರೂಕೆ ಮುಂಚೆ ಬೆಳಕು ನೋಡೂಕೆ ನಿಮ್ಮನ್ನ ಕುರ್ಚಿ ಮೇಲೆ ಕೂರಿಸ್ತೆನಲ್ಲ..."

"ಕ್ಯಾಮರಾದ ಡಬ್ಬಿಯಲ್ಲಿ ಪ್ಲೇಟಿಲ್ಲ, ಖಾಲಿ ಅಂತ ಹೇಳ್ತಿದ್ರಿ."

"ಯಾವಾಗ್ಲೂ ಖಾಲಿಯೇ. ಆವತ್ತೊಂದಿನ ಖಾಲಿ ಇರ್ಲಿಲ್ಲ." ಅವನು ತಲೆ ತಗ್ಗಿಸಿದ. "ಬಿಳಿ ಹಲಗೆ ಸ್ವಲ್ಪ ತಿರುಗಿಸ್ದೆ. ಕೆನ್ನೆ ಮೇಲೆ ಬೆಳಕು ಬಂತು. ನೀವು ಎಂತದೋ ನೆನಪು ಮಾಡ್ಕಂಡು ನಕ್ರಿ. ನನ್ನ ಕೈ ನನ್ನ ಮಾತು ಕೇಳ್ಲಿಲ್ಲ..."

ಹಾಗಾದರೆ ತಮಾಷೆಯಲ್ಲ!

"ತೆಗೆದ ಡಬ್ಬಿಗೆ ಸೀಮೆಸುಣ್ಣದ ಗೀಟು ಹಾಕ್ಬೇಕಲ್ದಾ? ಹಾಕಿದ್ರೆ ಇದು ಯಾರದ್ದು ಅಂತ ನಿಮ್ಮಪ್ಪ ಕೇಳ್ತಿದ್ರು. ಹಾಕ್ಲಿಲ್ಲ. ಅಷ್ಟೊತ್ತಿಗೆ ಗಿರಾಕಿ ಬಂದ್ರು, ಡಬ್ಬಿ ಡಬ್ಬಿ ಸೇರಿಹೋತು. ಈ ಯುದ್ಧದ ಕಾಲದಲ್ಲಿ ಹೊಸ ಪ್ಲೇಟಾದ್ರೂ ಎಲ್ಲಿ ಸಿಕ್ತದೆ? ಇದ್ದದ್ದನ್ನೇ ಹೊತ್ಕಂಡು ಭಟ್ಕಳಕ್ಕೆ ಹೋದೆ. ಬರ್ತಾ ಶರಾವತಿ ದಾಟೂವಾಗ ದೋಣಿಯಲ್ಲಿ ಪೆಟ್ಟಿಗೆ ಎದೆಗೆ ಅವಚ್ಕಂಡೇ ಕೂತಿದ್ದೆ. ನೀವು ಯಾವ ಡಬ್ಬಿಯಲ್ಲಿದ್ದೀರಿ ಅಂತ್ಲೇ ಗೊತ್ತಿಲ್ಲ! ಹೊನ್ನಾವರದಲ್ಲಿ ಆಯಿ ಬಿಡ್ಲಿಲ್ಲ, ಫೋಟೊ ಆಗ್ಲೇಬೇಕು ಅಂದ್ಳು. ಇದೇ ಕಪ್ಪು ಬಟ್ಟೆ ಕಟ್ಟಿ, ಕ್ಯಾಮರಾದ ರಬ್ಬರ್ ಉಂಡೆ ಕೂತಲ್ಲಿಂದ್ಲೇ ಒತ್ತಿ, ನಂದು ನಾನೇ ತೆಗ್ದೆ. ನಡುವೆ ಸರಿಯಾಗಿ ಕೂರೂಕೂ ಆಗ್ಲಿಲ್ಲ, ಬದಿಗೆ ಹೋದೆ."

ಕಪ್ಪು ಬಟ್ಟೆಯ ಮುಂದೆ ಎರಡು ಸಲ ತೆರೆದ ಒಂದೇ ಪ್ಲೇಟು. ಅವಳ ಪಕ್ಕದಲ್ಲಿ ಖಾಲಿ ಇದ್ದ ಕತ್ತಲೆಗೆ, ಗೊತ್ತಿಲ್ಲದೆ, ಅವನು ಬಂದು ಕೂತಿದ್ದ.

"ಹೆಬಳೆಯವ್ರು...?" ಕೇಳಬಾರದೆಂದುಕೊಂಡದ್ದನ್ನೇ ಕೇಳಿಬಿಟ್ಟಳು.

"ಅದು ಆಯಿಯ ಆಸೆ. ನಂದಲ್ಲ." ಅವನು ಮೊದಲ ಬಾರಿಗೆ ನೇರ ಅವಳ ಕಣ್ಣು ನೋಡಿದ. "ಆಯಿ ಕೈಗೆ ಇದನ್ನೇ ಕೊಟ್ಟು, ಮದ್ವೆ ಆದ್ರೆ ಇವಳನ್ನೇ ಅಂತ ಹೇಳೂ ಧೈರ್ಯ ನಂಗುಂಟು. ಆದ್ರೆ ಮುಖ ನಿಮ್ದು. ಕೇಳದೆ ತೆಗ್ದದ್ದು ನನ್ನ ತಪ್ಪು. ಬೇಡ ಅಂದ್ರೆ ನಿಮ್ಮ ಚೂರಿ ಉಂಟಲ್ಲ, ಕೆರೆದು ಹಾಕಿ. ನಾನೊಬ್ನೇ ಉಳೀತೆ. ಮತ್ತೆ ಯಾವತ್ತೂ ಕೇಳೂದಿಲ್ಲ."

ಅವಳು ಪ್ಲೇಟನ್ನು ಎದೆಗವಚಿ ಒಳಗೆ ನಡೆದಳು.

ಪ್ಲೇಟು ಒಣಗಿದ ಮೇಲೆ ಅದನ್ನು ಕಿಟಕಿಯ ಓರೆಹಲಗೆಗೆ ಒರಗಿಸಿ, ತೆಳ್ಳನೆಯ ಚೂರಿ ಹಿಡಿದು ಕೂತಳು. ಕಪ್ಪನ್ನು ಕೆರೆದರೆ ಗಾಜು ತಿಳಿಯಾಗುತ್ತದೆ. ಕಾಗದದ ಮೇಲೆ ಆ ಜಾಗ ಕಪ್ಪಾಗಿ ಬರುತ್ತದೆ. ಅವಳ ಮುಖ ಕಪ್ಪು ಬಟ್ಟೆಯಲ್ಲಿ ಕರಗಿಹೋಗಲು ಅರ್ಧ ಗಂಟೆ ಸಾಕು. ಇಷ್ಟು ವರ್ಷ ಎಲ್ಲರೂ ಅವಳನ್ನು ಕರಗಿಸಿದ್ದು ಹೀಗೆಯೇ ಅಲ್ಲವೇ?

ಬಾಗಿಲ ಸಂದಿಯಿಂದ ಕೃಷ್ಣಾನಂದ ಚೂರಿಯನ್ನು ನೋಡಿದ. ಹೊರಗೆ ಹೋಗಿ ಜಗಲಿಯ ಮೇಲೆ ಕೂತ.

ಅವಳು ಆ ಮುಖವನ್ನೇ ನೋಡಿದಳು. ಹೌದು, ನಕ್ಕಿದ್ದೆ. ತನಗೆ ನಗು ಹೀಗೆ ಒಪ್ಪುತ್ತದೆಂದು ಇಪ್ಪತ್ನಾಲ್ಕು ವರ್ಷ ಯಾರೂ ಹೇಳಿರಲಿಲ್ಲ!

ಚೂರಿಯ ತುದಿ ಗಾಜಿಗೆ ತಾಗಿತು.

ಮೂರು ಗಂಟೆಗೆ, ಪ್ಲೇಟಿನಿಂದ ಕಾಗದಕ್ಕೆ ಇಳಿಸಿದ ಫೋಟೊ ಬಿಸಿಲಲ್ಲಿ ಒಣಗಿತು. ಅಪ್ಪ ಅದನ್ನು ಎತ್ತಿಕೊಂಡು, ಪೊರೆ ಬಂದ ಕಣ್ಣಿನ ಹತ್ತಿರ ಹಿಡಿದ.

"ಒಬ್ನೇ ಕೂತದ್ದಲ್ದಾ? ಬದಿಗೆ ಎಂತದೋ ಬೆಳ್ಳಗೆ ಕಾಣ್ತದಲ್ಲೇ?"

"ಬೆಳಕು, ಅಪ್ಪ."

ತ್ರ್ಯಂಬಕ ಹೆಬ್ಬೆರಳಿನಿಂದ ಕಾಗದದ ನುಣುಪನ್ನು ಸವರಿದ. ಕೊಂಚ ಹೆಚ್ಚೇ ಹೊತ್ತು ಸವರಿದ. "ಇರ್ಲಿ ಬಿಡು. ಚಂದ ಬಂದದೆ. ತೆಗೀಬೇಡ."

ಅವಳು ಬೆಚ್ಚಿದಳು. ಅಪ್ಪನಿಗೆ ಎಷ್ಟು ಕಂಡಿತು? ಕೇಳುವ ಧೈರ್ಯವಾಗಲಿಲ್ಲ. ಫೋಟೊವನ್ನು ಲಕೋಟೆಗೆ ಹಾಕಿ ಅಂಟು ಬಳಿದಳು.

ಇದ್ದಲಿನ ಹೊಗೆ ಕಾರುತ್ತ ಬಸ್ಸು ಬೀದಿಯ ತಿರುವಿಗೆ ಬಂತು. ಕೃಷ್ಣಾನಂದ ಲಕೋಟೆಗೆ ಕೈಚಾಚಿದ. ಕಣ್ಣೆತ್ತಲಿಲ್ಲ.

"ಕೆರೆದ್ರಾ?"

"ಕೆರೆದೆ."

ಅವನ ಕೈ ಗಾಳಿಯಲ್ಲೇ ನಿಂತಿತು. "...ಆತು. ನಿಮ್ಮಿಷ್ಟ."

"ಎಷ್ಟು ಅಂತ ಕೇಳೂದಿಲ್ವಾ?"

"ಎಷ್ಟು?"

"ಎಳ್ಳುಕಾಳಿನಷ್ಟು."

ಅವನು ಏನೂ ಅರ್ಥವಾಗದೆ ನೋಡಿದ. ಕಂಡಕ್ಟರ್ ಬಸ್ಸಿನ ಬದಿಯನ್ನು ಬಡಿದ.

"ಆಯಿ ಎದುರೇ ಒಡೀರಿ. ದಾರಿಯಲ್ಲಿ ಒಡೀಬೇಡಿ," ಎಂದಳು.

"ಒಡೆಯೂದಿಲ್ಲ. ನಿಮ್ಮಾಣೆ."

ಬಸ್ಸು ಹೋಯಿತು. ವನಮಾಲಾ ಒಳಗೆ ಬಂದು, ಉಳಿದಿದ್ದ ನಾಲ್ಕನೆಯ ಪ್ಲೇಟಿಗೆ ಹೊಸ ಮದ್ದು ಕಲೆಸಿದಳು. ಆಯಿ ಏನೆನ್ನುತ್ತಾಳೋ, ಊರು ಏನೆನ್ನುತ್ತದೋ... ಆ ಫೋಟೊ ಹಿಂದೆ ಬಂದರೂ ಬರಲಿ. ಇನ್ನು ಮುಂದೆ ತನ್ನ ಮುಖವನ್ನು ತಾನು ಅಳಿಸುವುದಿಲ್ಲ.

ಇದನ್ನು ಅವಳು ಯಾರಿಗೂ ಹೇಳಲಿಲ್ಲ. ಕಿಟಕಿಯ ಹಲಗೆಗೆ ಒರಗಿದ್ದ ಪ್ಲೇಟಿನಲ್ಲಿ, ಅವಳ ಕಪ್ಪು ಹಣೆಯ ನಟ್ಟನಡುವೆ, ಕುಂಕುಮ ಇಡುವಲ್ಲಿ, ಎಳ್ಳುಕಾಳಿನಷ್ಟು ಜಾಗದಿಂದ ಸಂಜೆಯ ಬೆಳಕು ತೂರಿ ಬರುತ್ತಿತ್ತು.