ಸಾಲು ತಪ್ಪಿದ ನೇಗಿಲು

ನಿಘಂಟಜ್ಜ ಮೇಜಿನ ಕೆಳಗೆ ಕೂತು ಗಾಳಿಯಲ್ಲಿ ಏನನ್ನೋ ಹೆಕ್ಕುತ್ತಿದ್ದರು.

ಬಾಗಿಲು ತೆಗೆದ ಟೈಪಿಸ್ಟ್ ಮೊದಲು ನಕ್ಕಳು. ಪೆನ್ನು ಬಿದ್ದಿರಬೇಕು ಅಂದುಕೊಂಡಳು. ಆಮೇಲೆ ಅವರ ಮುಖ ಕಂಡಿತು. ಕೆಂಡದ ಹಾಗೆ ಕೆಂಪು. ತುಟಿ ಒಣಗಿ ಸಿಪ್ಪೆ ಎದ್ದಿತ್ತು. ಕಣ್ಣು ಅವಳತ್ತಲೇ ಇದ್ದರೂ ಗುರುತು ಹಿಡಿಯಲಿಲ್ಲ.

"ಸಾಲು ತಪ್ಪಿತು," ಎಂದರು ಅಜ್ಜ. "ನೇಗಿಲು ಸಾಲು ತಪ್ಪಿತು. ಹಿಡೀರಿ!"

ಅವಳು ಕಿರುಚಿದಳು. ಪಕ್ಕದ ಕೋಣೆಯಿಂದ ಸಹಸಂಪಾದಕ ಓಡಿಬಂದ.

"ನೀನು ಹೋಗಿ ಗಾಡಿ ಕರಿ. ನಾನು ಇವರ ಹತ್ರ ಇರ್ತೀನಿ."

ಅಜ್ಜ ಹಿಂದೆ ವೈದ್ಯರಾಗಿದ್ದವರು. ವಯಸ್ಸಾದ ಮೇಲೆ ವೈದ್ಯಕೀಯ ಪದಗಳ ಅರ್ಥ, ಅವು ಹುಟ್ಟಿದ ಬಗೆ ಹೇಳುವ ನಿಘಂಟಿಗೆ ಕೈ ಹಾಕಿದ್ದರು. ಅದು ಅಚ್ಚಿಗೆ ಹೋಗುವುದೊಂದೇ ಬಾಕಿ.

* * *

ಆಸ್ಪತ್ರೆಯ ಕಾರಿಡಾರಿನಲ್ಲಿ ಜಗಳ ನಡೆದಿತ್ತು. ಅಜ್ಜನ ಮಗಳು ಒಂದು ಕಡೆ. ಅಜ್ಜನ ತಮ್ಮನ ಮಗ ಇನ್ನೊಂದು ಕಡೆ, ಕೈಯಲ್ಲಿ ಕಾಗದ ಹಿಡಿದು.

"ದೊಡ್ಡಪ್ಪನಿಗೆ ಅರಳು ಮರಳು, ಅಕ್ಕ. ಡಾಕ್ಟ್ರೇ ವಯಸ್ಸು ಅಂದ್ರಲ್ಲ. ಸಂಜೆಯೊಳಗೆ ನಿನ್ನದೊಂದು ಸಹಿ, ಡಾಕ್ಟರದೊಂದು ಸಹಿ. ವೃದ್ಧಾಶ್ರಮದವರು ಕರ್ಕೊಂಡು ಹೋಗಿ ಚೆನ್ನಾಗಿ ನೋಡ್ಕೋತಾರೆ."

"ಬೀಗ ಹಾಕಿ ನೋಡ್ಕೋತಾರೆ," ಎಂದಳು ಮಗಳು. ಪೊಲೀಸರಿಗೆ ಫೋನ್ ಮಾಡಿದ್ದವಳು ಅವಳೇ. ಬಂದ ಇನ್ಸ್‌ಪೆಕ್ಟರ್ ಹೆಂಗಸು ಎಂದು ಕಂಡು ಅವಳಿಗೆ ಸ್ವಲ್ಪ ಜೀವ ಬಂತು.

"ಮೇಡಂ, ನಿನ್ನೆ ಕೂಡ ಉಪ್ಪು ಜಾಸ್ತಿ ಅಂತ ನನ್ನ ಸಾರಿಗೆ ಹೆಸರಿಟ್ಟಿದ್ದರು. ನೆಟ್ಟಗಿದ್ದ ತಲೆ ಬೆಳಗಾಗೋದ್ರೊಳಗೆ ಹೇಗೆ ಕೆಡುತ್ತೆ?"

ಇನ್ಸ್‌ಪೆಕ್ಟರ್ ಮಂಚದ ಬಳಿ ನಿಂತರು. ಅಜ್ಜ ಮತ್ತೆ ನೇಗಿಲಿನ ಮಾತೆತ್ತಿದರು.

"ನಿಮ್ಮ ತಂದೆ ಹೊಲ ಉತ್ತವರಾ?"

"ಇಲ್ಲ. ಡಿಲಿರಿಯಂ ಅಂದ್ರೆ ಜ್ವರಕ್ಕೋ ವಿಷಕ್ಕೋ ಬರೋ ಸನ್ನಿ. ಆ ಪದದ ಮೂಲ ಅರ್ಥ ಅದು. ಉಳುವಾಗ ಸಾಲು ಬಿಟ್ಟು ಹೋಗೋದು ಅಂತ ಲ್ಯಾಟಿನ್‌ನಲ್ಲಿ. ಊಟಕ್ಕೆ ಕೂತಾಗೆಲ್ಲ ಇಂಥದ್ದೇ ಪುರಾಣ. ನನಗೆ ಬಾಯಿಪಾಠ ಆಗಿದೆ."

"ಅಂದ್ರೆ ತಮಗೇನಾಗಿದೆ ಅಂತ ಅವರೇ ಹೇಳ್ತಿದ್ದಾರೆ." ಇನ್ಸ್‌ಪೆಕ್ಟರ್ ಡಾಕ್ಟರ ಕಡೆ ತಿರುಗಿದರು. "ಕಣ್ಣಿನ ಪಾಪೆ ನೋಡಿ. ಇಷ್ಟು ಬೆಳಕಲ್ಲೂ ಬೊಗಸೆಯಷ್ಟಿದೆ. ನನ್ನ ಅಮ್ಮನಿಗೆ ಕಣ್ಣು ಪರೀಕ್ಷೆಗೆ ಹನಿ ಹಾಕಿದಾಗ ಹೀಗೇ ಆಗಿತ್ತು. ಪೇಪರ್ ಓದೋಕಾಗದೆ ಇಡೀ ದಿನ ನನಗೆ ಬೈದಿದ್ದಳು."

ಡಾಕ್ಟರ್ ಟಾರ್ಚ್ ಬಿಟ್ಟು ನೋಡಿದರು. ಪಾಪೆ ಕುಗ್ಗಲಿಲ್ಲ. ಅವರ ಮುಖ ಕುಗ್ಗಿತು.

"ಬೆಲಡೋನ ಜಾತಿಯ ಮದ್ದು ಹೊಟ್ಟೆಗೆ ಹೋಗಿರಬಹುದು. ಹಾಗಿದ್ದರೆ ಇದು ಇಳಿಯುತ್ತೆ."

"ಸರಿ. ಇಳಿಯೋವರೆಗೂ ಯಾವ ಕಾಗದಕ್ಕೂ ಸಹಿ ಬೇಡ."

ತಮ್ಮನ ಮಗ ಕಾಗದ ಮಡಿಸಿದ. ಇನ್ಸ್‌ಪೆಕ್ಟರ್ ಅವನನ್ನು ಬಿಡಲಿಲ್ಲ.

"ಬೆಳಿಗ್ಗೆ ಕಾಫಿ ಕೊಟ್ಟವರು ನೀವಂತೆ?"

"ಆಫೀಸಿಗೆ ಬಿಡುವಾಗ ಕೊಟ್ಟೆ. ಅದೇ ಫ್ಲಾಸ್ಕಿಂದ ನಾನೂ ಕುಡಿದೆ. ಬಾಗಿಲಲ್ಲಿದ್ದ ಕಾವಲುಗಾರನ್ನ ಕೇಳಿ."

"ಆಶ್ರಮದವರು ಇಷ್ಟು ಬೇಗ ಹೇಗೆ ಸಿಕ್ಕಿದ್ರು?"

ಅವನು ಬೆವರಿದ. "ಹೋದ ವಾರ ಸುಮ್ನೆ ನೋಡ್ಕೊಂಡು ಬಂದಿದ್ದೆ. ಮನೆ ದೊಡ್ಡದು ಮೇಡಂ, ಇರೋರು ಇಬ್ಬರು..."

"ಪಾಪಿ," ಎಂದಳು ಮಗಳು.

* * *

ಆಫೀಸಿನ ಕಾವಲುಗಾರ ಹೌದೆಂದ. ಇಬ್ಬರೂ ಕುಡಿದಿದ್ದರು. ಮನೆಯ ಮೇಲೆ ಆಸೆ ಇದ್ದವನು ಕಾಫಿಯಲ್ಲಿ ಮಾತ್ರ ತಪ್ಪು ಮಾಡಿರಲಿಲ್ಲ.

ಅಜ್ಜನ ಮೇಜಿನ ಡ್ರಾಯರಿನಲ್ಲಿ ಒಂದು ಚಮಚ, ಒಂದು ಕೆಮ್ಮಿನ ಸಿರಪ್. ಇನ್ಸ್‌ಪೆಕ್ಟರ್ ಚಮಚ ಮುಟ್ಟಿದರು. ಬೆರಳಿಗೆ ಅಂಟಿತು. ಬಾಟಲಿ ನೋಡಿದರು. ಮುಚ್ಚಳದ ಸೀಲೇ ಒಡೆದಿರಲಿಲ್ಲ.

"ಇವರಿಗೆ ಕೆಮ್ಮು ಇತ್ತಾ?"

"ಅಯ್ಯೋ, ಬೀದಿಗೆಲ್ಲ ಕೇಳೋ ಹಾಗೆ," ಎಂದಳು ಟೈಪಿಸ್ಟ್. "ಬಂದ ತಕ್ಷಣ ಸಿರಪ್ ಕುಡಿದೇ ಕೆಲಸ ಶುರು."

ಸೀಲ್ ಒಡೆಯದ ಬಾಟಲಿಯಿಂದ ಕುಡಿಯುವುದು ಹೇಗೆ? ಯಾರೋ ಹಳೆಯದನ್ನು ತೆಗೆದು ಹೊಸದನ್ನು ಇಟ್ಟಿದ್ದಾರೆ.

ಪಕ್ಕದ ಕೋಣೆಯಲ್ಲಿ ಸಹಸಂಪಾದಕ ಕಿಟಕಿಗೆ ಬೆನ್ನು ಹಾಕಿ, ಹಣೆ ಹಿಡಿದು ಕೂತಿದ್ದ. ಮೇಜಿನ ಮೇಲೆ ಕನ್ನಡಕ ಹಾಕಿದ ಪುಟ್ಟ ಹುಡುಗಿಯ ಫೋಟೋ.

"ಬೆಲಡೋನ ಅಂದ್ರೇನು ಸಾರ್?"

"ನಾನು ಭಾಷೆಯವನು, ಮೇಡಂ. ಔಷಧಿ ನನಗೇನು ಗೊತ್ತು? ಅವೆಲ್ಲ ಅಜ್ಜನ ವಿಭಾಗ. ಆಸ್ಪತ್ರೆಗೆ ಬಂದು ಅವರನ್ನ ನೋಡ್ತೀನಿ. ತಂದೆ ಸಮಾನ ನನಗೆ."

ಹೊರಗೆ ಬಂದಾಗ ಟೈಪಿಸ್ಟ್ ಗೊಣಗಿದಳು. "ಇವರಿಗೂ ಇವತ್ತು ಏನೋ ಆಗಿದೆ. ಕರಡು ತಿದ್ದುವಾಗ ಗಟ್ಟಿಯಾಗಿ ಓದೋದು ಯಾವಾಗಲೂ ಅವರೇ. ಬೇರೆಯವರು ಮುಟ್ಟಿದ್ರೆ ಕೈ ಕಡೀತಾರೆ. ಇವತ್ತು 'ನೀನೇ ಓದಮ್ಮ' ಅಂತ ನನ್ನ ತಲೆಗೆ ಕಟ್ಟಿದ್ರು. ಪಾಪ, ಮಗಳ ಚಿಂತೆ ಇರಬೇಕು. ಒಂದು ಕಣ್ಣು ಮಂದ ಅಂತ, ಚೆನ್ನಾಗಿರೋ ಕಣ್ಣಿಗೆ ಹನಿ ಹಾಕಿ ಮಸುಕು ಮಾಡ್ತಾರಂತೆ. ಮಂದ ಕಣ್ಣು ಕೆಲಸ ಕಲೀಲಿ ಅಂತ."

"ಪಾಪ," ಎಂದರು ಇನ್ಸ್‌ಪೆಕ್ಟರ್. ಅವರ ನಡಿಗೆ ಚುರುಕಾಯಿತು.

* * *

ಸಂಜೆ ಸಹಸಂಪಾದಕ ಆಸ್ಪತ್ರೆಗೆ ಬಂದ. ಎಲ್ಲರೂ ಕಾರಿಡಾರಿನಲ್ಲೇ ಇದ್ದರು. ಇನ್ಸ್‌ಪೆಕ್ಟರ್ ಡಾಕ್ಟರ ಜೊತೆ ಹರಟೆಗೆ ಕೂತವರಂತೆ ಮಾತು ತೆಗೆದರು.

"ಈ ಬೆಲಡೋನ ಅನ್ನೋದು ಒಬ್ಬ ರಾಕ್ಷಸಿ ಹೆಸರಂತೆ, ಹೌದಾ ಡಾಕ್ಟ್ರೇ? ಜನರನ್ನ ಕೊಲ್ತಿದ್ದಳಂತೆ. ನಿಘಂಟಿನಲ್ಲೂ ಹಾಗೇ ಹಾಕಿದ್ರೆ ಓದೋರಿಗೆ ಮಜವಾಗಿರುತ್ತೆ."

ಸಹಸಂಪಾದಕನ ಕುತ್ತಿಗೆ ಚುಚ್ಚಿದಂತೆ ತಿರುಗಿತು. ಬಾಯಿ ತೆರೆದ. ಮುಚ್ಚಿದ. ತಡೆಯಲಾಗಲಿಲ್ಲ.

"ಯಾವ ರಾಕ್ಷಸಿ? ಶುದ್ಧ ಕಟ್ಟುಕಥೆ! ಇಟಾಲಿಯನ್ ಮಾತು ಅದು. ಚೆಲುವೆ ಅಂತ ಅರ್ಥ. ಹಿಂದೆ ಹೆಂಗಸರು ಆ ಗಿಡದ ರಸ ಕಣ್ಣಿಗೆ ಬಿಟ್ಕೋತಿದ್ರು, ಪಾಪೆ ಅರಳಿ ಚೆಂದ ಕಾಣ್ಲಿ ಅಂತ. ಅದರ ವಿವರ ಬರೆದವನೇ ನಾ..."

ಮಾತು ಅಲ್ಲೇ ನಿಂತಿತು.

"ಮಧ್ಯಾಹ್ನ ಏನೂ ಗೊತ್ತಿರಲಿಲ್ಲ," ಎಂದರು ಇನ್ಸ್‌ಪೆಕ್ಟರ್. "ಇರಲಿ. ಡಾಕ್ಟ್ರೇ, ಟಾರ್ಚ್ ಕೊಡಿ."

ಬೆಳಕು ಬಿತ್ತು. ಎಡಗಣ್ಣಿನ ಪಾಪೆ ಸಾಸಿವೆಯಷ್ಟಾಯಿತು. ಬಲಗಣ್ಣಿನದು ಹಾಗೇ ಅರಳಿ ನಿಂತಿತ್ತು.

"ಒಂದೇ ಕಣ್ಣಲ್ಲಿ ಚೆಲುವೆ ಆಗೋಕೆ ಹೊರಟಿದ್ರಾ ಸಾರ್?"

ಅವನು ಗೋಡೆಗೆ ಒರಗಿದ.

"ನಿಮ್ಮ ಮಗಳ ಕಣ್ಣಿನ ಹನಿ ಇದೇ ಗಿಡದ ಸತ್ವ. ಅದನ್ನ ಸಿರಪ್ಪಿಗೆ ಸುರಿದ್ರಿ. ಒದ್ದೆ ಬೆರಳಲ್ಲಿ ಕಣ್ಣು ಉಜ್ಜಿಕೊಂಡ್ರಿ. ಆಮೇಲೆ ಓದೋಕಾಗಲಿಲ್ಲ, ಅದಕ್ಕೇ ಕರಡು ಬೇರೆಯವರ ಕೈಗೆ ಹೋಯ್ತು. ಟೈಪಿಸ್ಟ್ ಗಾಡಿ ಕರೆಯೋಕೆ ಓಡಿದಾಗ ಬಾಟಲಿ ಬದಲಾಯಿಸಿದ್ರಿ. ಗಡಿಬಿಡಿಯಲ್ಲಿ ಹೊಸದರ ಸೀಲ್ ಒಡೆಯೋದೇ ಮರೆತ್ರಿ. ಬ್ಯಾಗ್ ಕೊಡಿ."

ಹಳೆಯ ಸಿರಪ್ ಬಾಟಲಿ ಬ್ಯಾಗಿನ ತಳದಲ್ಲಿತ್ತು. ಎಸೆಯಲು ಅವನಿಗೆ ಜಾಗ ಸಿಕ್ಕಿರಲಿಲ್ಲ.

"ಸಾಯಿಸೋಕಲ್ಲ," ಎಂದ ಅವನು. "ತಲೆ ಕೆಟ್ಟಿದೆ ಅಂತಾದ್ರೆ ಸಾಕಿತ್ತು. ಪ್ರಧಾನ ಸಂಪಾದಕ ನಾನಾಗ್ತಿದ್ದೆ. ಅರ್ಧ ಪುಸ್ತಕ ನಂದು. ಹೆಸರು ಮಾತ್ರ ಅವರದ್ದು."

"ಅಪ್ಪ ಬದುಕಿರೋವರೆಗೆ ಬೀಗದೊಳಗೆ ಇರಬೇಕಾಗ್ತಿತ್ತಲ್ಲ," ಎಂದಳು ಮಗಳು. "ಸರಿಯಿರೋ ತಲೆ ಇಟ್ಕೊಂಡು."

ತಮ್ಮನ ಮಗ ಆ ಕಾಗದವನ್ನು ಸದ್ದಾಗದಂತೆ ಹರಿದ.

* * *

ಮಾರನೆಯ ದಿನ ಅಜ್ಜ ದಿಂಬಿಗೆ ಒರಗಿ ಎಲ್ಲ ಕೇಳಿದರು.

"ಬೆಲಡೋನದ ವಿವರ ಅವನು ಬರೆದದ್ದೇ," ಎಂದರು ಕೊನೆಗೆ. "ಚೆನ್ನಾಗಿ ಬರೆದಿದ್ದಾನೆ. ಅದು ಪುಸ್ತಕದಲ್ಲಿರಲಿ. ಕೆಳಗೆ ಅವನ ಹೆಸರೂ ಇರಲಿ. ಅಷ್ಟು ಮೊದಲೇ ನಾನು ಹಾಕಬೇಕಿತ್ತು."

"ಅವರ ಮೇಲಿನ ದೂರು?" ಎಂದರು ಇನ್ಸ್‌ಪೆಕ್ಟರ್.

"ಅದೂ ಇರಲಿ."

ಮಗಳು ಸಾರು ಬಡಿಸಿದಳು. ಅಜ್ಜ ಒಂದು ಗುಟುಕು ಕುಡಿದು ಮುಖ ಕಿವಿಚಿದರು.

"ಉಪ್ಪು ಜಾಸ್ತಿ."

ಮಗಳು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಇನ್ಸ್‌ಪೆಕ್ಟರ್ ಕಡೆ ತಿರುಗಿದಳು.

"ನೇಗಿಲು ಸಾಲಿಗೆ ಬಂತು, ಮೇಡಂ."